ಕುಶಲರ ಆಗಮನ ಮತ್ತು ನೆಲೆಯ ಲೆಕ್ಕ: ಮೈಸೂರು ಸಂಸ್ಥಾನದಿಂದ ಪಶ್ಚಿಮ ಬೆಂಗಳೂರಿನವರೆಗೆ

ದೇಶವೊಂದರೊಳಕ್ಕೆ ಯಾರು ಬರಬಹುದು, ಬಂದವರು ಎಷ್ಟು ಕಾಲ ನಿಲ್ಲಬಹುದು ಎಂಬುದನ್ನು ನಿರ್ಣಯಿಸುವ ಅಧಿಕಾರ ಆ ದೇಶದ ಕೇಂದ್ರ ಸರ್ಕಾರಕ್ಕೆ ಸೇರಿದ್ದೆಂಬುದು ಸಾಮಾನ್ಯವಾದ ತಿಳಿವಳಿಕೆ. ಆದರೆ ಎಲ್ಲ ದೇಶಗಳಲ್ಲಿಯೂ ಹಾಗಿಲ್ಲ. ಕೆನಡ ದೇಶದ ೧೮೬೭ರ ಸಂವಿಧಾನ ಶಾಸನದ ೯೫ನೆಯ ವಿಧಿ ವಲಸೆಯ ವಿಷಯದಲ್ಲಿ ಶಾಸನ ಮಾಡುವ ಹಕ್ಕನ್ನು ಕೇಂದ್ರಕ್ಕೂ ಪ್ರಾಂತಗಳಿಗೂ ಕೂಡಿಯೇ ಕೊಟ್ಟಿತು. ಈ ಹಕ್ಕಿನ ಬಲದಿಂದ ಕ್ವಿಬೆಕ್ ಪ್ರಾಂತವು ೧೯೭೮ರ ಒಪ್ಪಂದದ ಮೂಲಕ ತನ್ನ ವಲಸೆಗಾರರ ಆಯ್ಕೆಯಲ್ಲಿ ಪಾಲು ಪಡೆಯಿತು. ೧೯೯೦ರ ದಶಕದ ಕೊನೆಯ ವರ್ಷಗಳಲ್ಲಿ ಮನಿಟೋಬಾ ಮೊದಲಾದ ಪ್ರಾಂತಗಳು ತಮಗೆ ಬೇಕಾದ ಕುಶಲರನ್ನು ತಾವೇ ನಾಮನಿರ್ದೇಶನ ಮಾಡತೊಡಗಿದವು. ಆಸ್ಟ್ರೇಲಿಯ ೨೦೧೯ರ ನವೆಂಬರಿನಲ್ಲಿ ತಂದ ವ್ಯವಸ್ಥೆಯಲ್ಲಿ ಸಿಡ್ನಿ, ಮೆಲ್ಬೋರ್ನ್, ಬ್ರಿಸ್ಬೇನ್ ಮಹಾನಗರಗಳ ಹೊರಗೆ ನೆಲೆಸಲು ಒಪ್ಪುವ ಕುಶಲರಿಗೂ ಅಲ್ಲಿಯೇ ಓದಿದ ವಿದೇಶೀ ಪದವೀಧರರಿಗೂ ಬೇರೊಂದು ದಾರಿ ತೆರೆಯಿತು. ಮೂರು ವರ್ಷ ಹಾಗೆ ದುಡಿದು ಬಾಳಿದವರು ಶಾಶ್ವತವಾಸದ ಹಕ್ಕನ್ನು ಕೇಳಬಹುದಾಯಿತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಎಷ್ಟೋ ಮನೆಗಳಲ್ಲಿ ಈ ದೂರದ ಪ್ರಾಂತಗಳ ಹೆಸರುಗಳು ಇಂದು ನೆಂಟರ ಊರಿನ ಹೆಸರುಗಳಂತೆ ಕೇಳಿಬರುತ್ತವೆ.

ಇಲ್ಲಿಂದ ಹೋಗುವವರ ಕಥೆಯನ್ನು ಹೇಳುವುದು ಈ ಲೇಖನದ ಉದ್ದೇಶವಲ್ಲ. ಪ್ರದೇಶವೊಂದು ಹೊರಗಿನ ಕುಶಲರನ್ನು ಕರೆಯುವ, ಕರೆದು ನಿಲ್ಲಿಸಿಕೊಳ್ಳುವ ಅಥವಾ ಬೇಡವೆನ್ನುವ ಹಕ್ಕನ್ನು ನಮ್ಮ ನಾಡು ಎಂದಾದರೂ ಹೊಂದಿತ್ತೇ, ಹೊಂದಿದ್ದರೆ ಅದು ಏನಾಯಿತು ಎಂಬ ಪ್ರಶ್ನೆಯನ್ನು ಪರಿಶೀಲಿಸುವುದಷ್ಟೇ ಇಲ್ಲಿನ ಪ್ರಯತ್ನ. ಮೈಸೂರು ಸಂಸ್ಥಾನಕ್ಕೆ ಈ ಹಕ್ಕು ಒಂದು ಮಿತಿಯಲ್ಲಿ ಇದ್ದೇ ಇತ್ತು. ೧೯೫೦ರ ಸಂವಿಧಾನದೊಡನೆ ಅದು ಕೈಬಿಟ್ಟುಹೋಯಿತು. ಬಿಟ್ಟುಹೋದುದರ ಸ್ಥಾನದಲ್ಲಿ ನಾಡು ಬೇರೊಂದು ಉಪಾಯವನ್ನು ಕಂಡುಕೊಂಡಿತು. ಗಡಿಯಲ್ಲಿ ಹಾಕಲಾಗದ ಬಾಗಿಲನ್ನು ಅದು ಶಾಲೆಯಲ್ಲಿ, ನಿವೇಶನದಲ್ಲಿ, ಉದ್ಯೋಗದಲ್ಲಿ ಹಾಕಲು ಯತ್ನಿಸಿತು ಎಂಬುದು ನಮ್ಮ ಅಭಿಪ್ರಾಯ.

ಮೈಸೂರಿನ ಆಧುನಿಕ ಆಡಳಿತವು ಹೊರಗಿನಿಂದ ಬಂದವರ ಕೈಯಲ್ಲಿ ರೂಪುಗೊಂಡಿತೆಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆ ಹೊಸ ಸಂಗತಿಯಲ್ಲ. ೧೮೬೮ರಲ್ಲಿ, ಸಂಸ್ಥಾನವು ಇನ್ನೂ ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿದ್ದಾಗ, ಮದರಾಸು ಪ್ರಾಂತದಿಂದ ಸಿ. ರಂಗಾಚಾರ್ಲು ಅವರು ಅರಮನೆಯ ಆಡಳಿತಕ್ಕೆ ಬಂದರು. ಅದೇ ವರ್ಷ ಮಲಬಾರಿನ ಪಾಲಕ್ಕಾಡು ಸೀಮೆಯ ಕೆ. ಶೇಷಾದ್ರಿ ಅಯ್ಯರ್ ಅವರು ನ್ಯಾಯ ವಿಭಾಗದ ಶಿರಸ್ತೇದಾರರಾಗಿ ಸೇರಿದರು. ೧೮೮೧ರಲ್ಲಿ ರಾಜ್ಯವು ಒಡೆಯರಿಗೆ ಮರಳಿದಾಗ ಮೊದಲನೆಯವರು ದಿವಾನರಾದರು. ೧೮೮೩ರಿಂದ ೧೯೦೧ರವರೆಗೆ ಎರಡನೆಯವರು. ೧೮೮೧ರಿಂದ ೧೯೧೨ರವರೆಗಿನ ಐವರು ದಿವಾನರಲ್ಲಿ ಪೂರ್ಣಯ್ಯನವರ ವಂಶದ ಪಿ. ಎನ್. ಕೃಷ್ಣಮೂರ್ತಿಯವರೊಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಹೊರಗಿನ ಮನೆತನಗಳವರು. ಇವರ ಹಿಂದೆ ಬಂದ ಗುಮಾಸ್ತರು, ಅಮಲ್ದಾರರು, ವಕೀಲರು, ಉಪಾಧ್ಯಾಯರು ಅನೇಕರು. ಮದರಾಸು ವಿಶ್ವವಿದ್ಯಾನಿಲಯದ ಪದವಿಯೇ ಆ ಕಾಲದ ರಹದಾರಿ. ಬೆಂಗಳೂರಿನ ಸೆಂಟ್ರಲ್ ಕಾಲೇಜು ಸಹ ಆಗ ಮದರಾಸಿಗೇ ಸೇರಿದ್ದಿತು.

ಗಮನಿಸತಕ್ಕ ಅಂಶವೆಂದರೆ, ಭಾರತದವರೇ ಆದ ಈ ಹೊರಗಿನವರಿಗೆ ಗಡಿಯಲ್ಲಿ ಯಾವ ತಡೆಯೂ ಇರಲಿಲ್ಲ. ತಡೆಯಿದ್ದದ್ದು ಭಾರತೀಯರಲ್ಲದವರಿಗೆ. ೧೮೮೧ರ ಹಸ್ತಾಂತರ ಪತ್ರದಲ್ಲಿ, ಭಾರತದ ಮೂಲನಿವಾಸಿಯಲ್ಲದ ಯಾರನ್ನೂ ಗವರ್ನರ್ ಜನರಲರ ಪೂರ್ವಾನುಮತಿಯಿಲ್ಲದೆ ಮಹಾರಾಜರು ತಮ್ಮ ಸೇವೆಗೆ ತೆಗೆದುಕೊಳ್ಳಬಾರದೆಂದೂ, ಅಪ್ಪಣೆಯಾದರೆ ಅಂಥವರನ್ನು ಬಿಡಿಸಬೇಕೆಂದೂ ಒಂದು ಷರತ್ತಿದ್ದಿತು. ಷರತ್ತಿನ ಉದ್ದೇಶ ರಾಜಕೀಯವಾದದ್ದು. ಅನ್ಯ ಯುರೋಪಿಯನ್ ಶಕ್ತಿಗಳ ಮನುಷ್ಯರು ದೇಶೀಯ ಸಂಸ್ಥಾನಗಳಲ್ಲಿ ನೆಲೆಯೂರಬಾರದೆಂಬ ಎಚ್ಚರಿಕೆ. ಆದರೂ ಇದನ್ನು ತಿರುಗಿಸಿ ಓದಿದರೆ ಇನ್ನೊಂದು ಅರ್ಥ ಹೊರಡುತ್ತದೆ: ಕರೆಯುವುದು ಮೈಸೂರಿನ ಕೆಲಸ, ಒಪ್ಪುವುದು ಸಾಮ್ರಾಜ್ಯದ ಕೆಲಸ. ಪ್ರಾಂತದ ನಾಮನಿರ್ದೇಶನ, ಕೇಂದ್ರದ ಅಂಗೀಕಾರ ಎಂಬ ಇಂದಿನ ಕೆನಡದ ಕ್ರಮಕ್ಕೆ ಇದು ಬಹಳ ದೂರದ್ದೇನೂ ಅಲ್ಲ.

ಈ ದಾರಿಯಲ್ಲಿ ಬಂದವರು ಸಂಖ್ಯೆಯಲ್ಲಿ ಕಡಿಮೆ, ಪರಿಣಾಮದಲ್ಲಿ ಹೆಚ್ಚು. ಕಾವೇರಿಯ ನೀರಿನಿಂದ ವಿದ್ಯುತ್ತನ್ನು ತೆಗೆದು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿಸಿದ ಶಿವನಸಮುದ್ರದ ಯೋಜನೆಯ ಮುಖ್ಯ ಶಿಲ್ಪಿ, ಮೈಸೂರಿನ ಉಪ ಮುಖ್ಯ ಎಂಜಿನಿಯರಾಗಿದ್ದ ಜೋಲಿ ಡಿ ಲಾಟ್‌ಬಿನಿಯರ್, ಬ್ರಿಟಿಷ್ ಸೈನ್ಯದ ಎಂಜಿನಿಯರ್ ದಳದವರು, ಹುಟ್ಟಿನಿಂದ ಕೆನಡದವರು. ಅವರ ತಂದೆ ಕ್ವಿಬೆಕ್ ಪ್ರಾಂತದ ಪ್ರಧಾನಿಯಾಗಿದ್ದವರು. ಮುಂದೆ ತನ್ನ ವಲಸೆಗಾರರನ್ನು ತಾನೇ ಆರಿಸಿಕೊಳ್ಳುವ ಹಕ್ಕಿಗಾಗಿ ಎಲ್ಲರಿಗಿಂತ ಮೊದಲು ಹೋರಾಡಿದ ಪ್ರಾಂತವೇ ನಮಗೆ ಒಬ್ಬ ಕುಶಲನನ್ನು ಕೊಟ್ಟಿತ್ತೆಂಬುದು ಕಾಕತಾಳೀಯ. ಆದರೆ ಹೇಳದೆ ಬಿಡಲು ಮನಸ್ಸಾಗುವುದಿಲ್ಲ.

೧೯೦೮ರಲ್ಲಿ ಬರೋಡದಿಂದ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕೆಯ ತಜ್ಞ ಕ್ರುಂಬಿಗಲ್ ಅವರ ಕಥೆ ಈ ಏರ್ಪಾಟಿನ ದುರ್ಬಲತೆಯನ್ನೂ ತೋರಿಸುತ್ತದೆ. ಲಾಲ್‌ಬಾಗನ್ನೂ ನಗರದ ಸಾಲುಮರಗಳನ್ನೂ ರೂಪಿಸಿದ ಈತನನ್ನು ಯುದ್ಧ ಬಂದೊಡನೆ ಶತ್ರುದೇಶದ ಪ್ರಜೆಯೆಂದು ಬಂಧನದಲ್ಲಿಡಲಾಯಿತು. ಮಹಾರಾಜರ ವಿಶ್ವಾಸ ಅವರಿಗೆ ಉದ್ಯೋಗವನ್ನು ಕೊಡಬಲ್ಲದ್ದಾಗಿತ್ತು, ರಕ್ಷಣೆಯನ್ನು ಕೊಡಬಲ್ಲದ್ದಾಗಿರಲಿಲ್ಲ. ಆದರೂ ಅವರು ಇಲ್ಲಿಯೇ ಉಳಿದು ೧೯೫೬ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಹಿಟ್ಲರನ ಜರ್ಮನಿಯಿಂದ ಹೊರದೂಡಲ್ಪಟ್ಟ ವಿದ್ವಾಂಸರ ವಿಷಯದಲ್ಲಿ ಬೆಂಗಳೂರು ಎರಡು ಬಗೆಯಾಗಿ ನಡೆದುಕೊಂಡಿತು. ೧೯೩೫ರಲ್ಲಿ ಭೌತಶಾಸ್ತ್ರಜ್ಞ ಮ್ಯಾಕ್ಸ್ ಬಾರ್ನ್ ಅವರನ್ನು ಭಾರತೀಯ ವಿಜ್ಞಾನ ಮಂದಿರಕ್ಕೆ ಕರೆಸಿದವರು ಅದರ ನಿರ್ದೇಶಕ ಸಿ. ವಿ. ರಾಮನ್. ಬಾರ್ನ್ ಅವರನ್ನು ಶಾಶ್ವತವಾಗಿ ಇರಿಸಿಕೊಳ್ಳಬೇಕೆಂದು ರಾಮನ್ ಪಟ್ಟ ಪ್ರಯತ್ನಕ್ಕೆ ಮಂದಿರದೊಳಗೇ ವಿರೋಧ ಹುಟ್ಟಿ, ಕೆಲವು ತಿಂಗಳುಗಳ ಮೇಲೆ ಅವರು ಹೊರಟುಹೋದರು; ೧೯೩೬ರಲ್ಲಿ ಎಡಿನ್‌ಬರೋ ಅವರಿಗೆ ಪೀಠ ನೀಡಿತು, ೧೯೫೪ರಲ್ಲಿ ನೊಬೆಲ್ ಪಾರಿತೋಷಕ ಬಂತು. ರಾಮನ್ ಅವರೇ ೧೯೩೭ರಲ್ಲಿ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಆದರೆ ಬಾರ್ನ್ ಅವರ ಸೋದರಳಿಯ, ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್, ೧೯೩೯ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬಂದು ಸುಮಾರು ಒಂಬತ್ತು ವರ್ಷ ನಿಂತರು. ಭುವನೇಶ್ವರ ನಗರದ ಯೋಜನೆಯೂ ಸ್ವತಂತ್ರ ಭಾರತದ ನಿರಾಶ್ರಿತರ ವಸತಿಯ ಕಾರ್ಯವೂ ಅವರಿಗೆ ಒಪ್ಪಿಸಲ್ಪಟ್ಟದ್ದು ಮೈಸೂರಿನಲ್ಲಿ ಪಡೆದ ಅನುಭವದ ಮೇಲೆ. ಒಂದೇ ಮನೆತನದ ಇಬ್ಬರಲ್ಲಿ ಹಿರಿಯರು ಉಳಿಯಲಾಗಲಿಲ್ಲ, ಕಿರಿಯರು ಉಳಿದರು. ಸಂಸ್ಥಾನದ ಸರ್ಕಾರವು ನೇರವಾಗಿ ಕರೆದ ಕಡೆ ದಾರಿ ಸುಗಮವಾಗಿತ್ತೆಂದು ಇದರಿಂದ ಊಹಿಸಬಹುದು.

ಇನ್ನು ಒಳಗಿನವರ ಅಸಮಾಧಾನ. 'ಮೈಸೂರು ಮೈಸೂರಿನವರಿಗೆ' ಎಂಬ ಕೂಗು ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿಯೇ ಬಲವಾಗಿತ್ತು. ಮೈಸೂರಿನವರ ಪಕ್ಷ, ಮದರಾಸಿನವರ ಪಕ್ಷ ಎಂದು ಆಡಳಿತದಲ್ಲಿಯೇ ಎರಡು ಗುಂಪುಗಳಾದವು. ಇದನ್ನು ಕೇವಲ ಮತ್ಸರವೆಂದು ತಳ್ಳಿಹಾಕುವುದು ಸರಿಯಲ್ಲ. ಓದಿದ ಸ್ಥಳೀಯ ಯುವಕನಿಗೆ ಸರ್ಕಾರದ ಕೆಲಸವಲ್ಲದೆ ಬೇರೆ ದಾರಿ ಆ ಕಾಲದಲ್ಲಿರಲಿಲ್ಲ. ಆದರೆ ಈ ಕೂಗೆತ್ತಿದವರೂ ಬಹುಮಟ್ಟಿಗೆ ಬ್ರಾಹ್ಮಣರೇ. ೧೯೧೮ರಲ್ಲಿ ಮುಮ್ಮಡಿಯವರ ಮೊಮ್ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿ, ಮರುವರ್ಷ ಅದರ ವರದಿ ಬಂದ ಮೇಲೆ ಪ್ರಶ್ನೆಯ ಮುಖವೇ ಬದಲಾಯಿತು. ಯಾವ ಊರಿನವನು ಎಂಬುದಕ್ಕಿಂತ ಯಾವ ಸಮುದಾಯದವನು ಎಂಬುದು ಮುಖ್ಯವಾಯಿತು. ನಾಡಿನೊಳಗೇ ಇದ್ದು ಬಾಗಿಲ ಹೊರಗೆ ನಿಂತಿದ್ದ ಬಹುಸಂಖ್ಯಾತರ ಹಕ್ಕನ್ನು ಮೊದಲು ಎತ್ತಿದ್ದು ಆ ವರದಿ. ಮೈಸೂರಿನವರೆಂದರೆ ಯಾರು ಎಂಬ ಪ್ರಶ್ನೆಗೆ ದಿವಾನರ ಕಾಲದ ಎರಡು ಪಕ್ಷಗಳೂ ಇಷ್ಟು ಪ್ರಾಮಾಣಿಕವಾದ ಉತ್ತರ ಕೊಟ್ಟಿರಲಿಲ್ಲ.

ಕರೆದು ತರುವುದರ ಜೊತೆಗೆ, ಕಳುಹಿಸಿ ಮರಳಿ ಪಡೆಯುವುದೂ ಮೈಸೂರಿನ ನೀತಿಯಾಗಿದ್ದಿತು. ಪೂನಾದಲ್ಲಿ ಎಂಜಿನಿಯರಿಂಗ್ ಓದಲು ಮೈಸೂರಿನ ಸಹಾಯ ಪಡೆದ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದಲ್ಲಿ ದುಡಿದು ೧೯೦೯ರಲ್ಲಿ ಮುಖ್ಯ ಎಂಜಿನಿಯರಾಗಿ ಮರಳಿದರು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಸಾಬೂನು ಮತ್ತು ಸುಗಂಧ ದ್ರವ್ಯಗಳ ವಿದ್ಯೆಯನ್ನು ಕಲಿತು ಬಂದು ಶ್ರೀಗಂಧದ ಸಾಬೂನಿಗೆ ರೂಪ ಕೊಟ್ಟರು. ಎಲ್ಲ ವೇಳೆಯೂ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಕೂಡಿಬರಲಿಲ್ಲ. ಟಿ. ಪಿ. ಕೈಲಾಸಂ ಅವರನ್ನು ಸರ್ಕಾರವು ವಿದ್ಯಾರ್ಥಿವೇತನ ಕೊಟ್ಟು ಲಂಡನ್ನಿಗೆ ಕಳುಹಿಸಿದ್ದು ಭೂಗರ್ಭಶಾಸ್ತ್ರ ಕಲಿಯಲೆಂದು. ಅವರು ಮರಳಿ ಬಂದು ಕೆಲವು ವರ್ಷ ಆ ಇಲಾಖೆಯಲ್ಲಿದ್ದು ಬಿಟ್ಟುಬಿಟ್ಟರು. ಕನ್ನಡಕ್ಕೆ ದೊರೆತದ್ದು ನಾಟಕ. ಅವರ ತಂದೆ ಪರಮಶಿವ ಅಯ್ಯರ್ ಅವರು ಮೈಸೂರಿನ ನ್ಯಾಯಾಧೀಶರು, ಮನೆಮಾತು ತಮಿಳು. ಹೊರಗಿನಿಂದ ಬಂದ ಅಧಿಕಾರಿ ವರ್ಗದ ಎರಡನೆಯ ತಲೆಮಾರು ಈ ಭಾಷೆಗೆ ಏನು ಕೊಟ್ಟಿತೆಂಬುದನ್ನು ಲೆಕ್ಕ ಹಾಕುವಾಗ ಉದ್ಯೋಗಗಳ ಪಟ್ಟಿಯೊಂದೇ ಸಾಲದು.

ಇಷ್ಟು ಪೂರ್ವಪೀಠಿಕೆಯ ಮೇಲೆ ಪಶ್ಚಿಮ ಬೆಂಗಳೂರಿಗೆ ಬರಬಹುದು. ಮಾಗಡಿ ರಸ್ತೆಯ ಬಿನ್ನಿ ಗಿರಣಿಯು ೧೮೮೦ರ ದಶಕದಿಂದಲೂ ಈ ಭಾಗಕ್ಕೆ ದುಡಿಯುವವರನ್ನು ಸೆಳೆಯುತ್ತಿತ್ತು. ಸುತ್ತಲಿನ ಪೇಟೆಗಳಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗುಗಳೂ ಬೀದಿಯ ಮಾತುಗಳಾದವು. ೧೯೪೫ರಲ್ಲಿ ನಗರದ ವಿಸ್ತರಣೆಗಾಗಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. ೧೯೪೬ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪೆನಿ ಬೆಂಗಳೂರಿನಲ್ಲಿ ಆರಂಭವಾಯಿತು. ೧೯೪೯ರಲ್ಲಿ ಕೈಗಾರಿಕಾ ಉಪನಗರವೆಂದೇ ರೂಪಿಸಲಾದ ಬಡಾವಣೆಗೆ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ಹೆಸರಿಟ್ಟರು. ಈ ಹೆಸರಿನಲ್ಲಿಯೂ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಸಂಗತಿಯಿದೆ. ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರು ಸೀಮೆಯಲ್ಲಿ ಹುಟ್ಟಿದ ರಾಜಾಜಿಯವರು ಪದವಿಗಾಗಿ ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಸಂಸ್ಥಾನದ ಗಡಿಯಾಚೆಯಿಂದ ಬಂದು, ಇಲ್ಲಿ ಓದಿ, ಉದ್ಯೋಗಕ್ಕೆ ಬೇರೆಡೆಗೆ ಹೋದ ವಿದ್ಯಾರ್ಥಿಯೊಬ್ಬನ ಹೆಸರನ್ನೇ ರಾಜಾಜಿನಗರ ಹೊತ್ತಿದೆ.

೧೯೫೭ರಲ್ಲಿ ಶ್ರೀಗಂಧದ ಸಾಬೂನಿನ ಕಾರ್ಖಾನೆ ಈ ಉಪನಗರಕ್ಕೆ ಸ್ಥಳಾಂತರಗೊಂಡಿತು. ಮೈಸೂರು ರಸ್ತೆಯಲ್ಲಿ ರೆಮ್ಕೋ ಎಂಬ ವಿದ್ಯುದುಪಕರಣಗಳ ಕಾರ್ಖಾನೆಯಿತ್ತು. ಅದರ ಹೆಸರು ವಿಜಯನಗರದ ಒಂದು ಬಡಾವಣೆಯಲ್ಲಿ ಇಂದಿಗೂ ಉಳಿದಿದೆ. ಫಿಟ್ಟರು, ಟರ್ನರು, ನಕ್ಷೆಗಾರರು, ಡಿಪ್ಲೊಮಾ ಪಡೆದ ಮೇಲ್ವಿಚಾರಕರು ಇವರಿಗೆಲ್ಲ ಬೇಕಾಗಿದ್ದರು. ನೆರೆಯ ಪ್ರಾಂತಗಳಿಂದ ಅವರು ಬಂದರು. ೧೯೫೬ರ ಏಕೀಕರಣದ ನಂತರ ಧಾರವಾಡ, ಕಲಬುರ್ಗಿ, ಮಂಗಳೂರುಗಳಿಂದಲೂ ಬಂದರು. ಹೊಸಹಳ್ಳಿ, ಅತ್ತಿಗುಪ್ಪೆ, ಮಾರೇನಹಳ್ಳಿ, ಕೇತಮಾರನಹಳ್ಳಿ ಮೊದಲಾದ ಗ್ರಾಮಗಳ ಹೊಲಗಳು ನಿವೇಶನಗಳಾದವು. ಹೊಸಬರೆಂದರೆ ಪರಭಾಷಿಕರೇ ಎಂಬ ಭಾವನೆ ಈ ಭಾಗದ ಚರಿತ್ರೆಗೆ ಹೊಂದುವುದಿಲ್ಲ. ಅತ್ತಿಗುಪ್ಪೆಯ ರೈತನಿಗೆ ಹುಬ್ಬಳ್ಳಿಯ ಗುಮಾಸ್ತನೂ ಸೇಲಂನ ಟರ್ನರೂ ಸಮಾನವಾಗಿ ಹೊಸಬರು.

ಆದರೆ ಈ ಹೊತ್ತಿಗೆ ಅಧಿಕಾರದ ನೆಲೆ ಪೂರ್ಣವಾಗಿ ಬದಲಾಗಿತ್ತು. ೧೯೫೦ರ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿ ಪೌರತ್ವ ಮತ್ತು ವಿದೇಶೀಯರು ೧೭ನೆಯ ವಿಷಯ. ದೇಶಪ್ರವೇಶ, ರಹದಾರಿ, ವೀಸಾಗಳು ೧೯ನೆಯದು. ರಾಜ್ಯ ರಾಜ್ಯಗಳ ನಡುವಿನ ವಲಸೆಯೂ ೮೧ನೆಯ ವಿಷಯವಾಗಿ ಕೇಂದ್ರಕ್ಕೇ ಸೇರಿತು. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು ೧೯ನೆಯ ವಿಧಿ ನಾಗರಿಕರೆಲ್ಲರಿಗೂ ಕೊಟ್ಟಿತು. ಸರ್ಕಾರಿ ಉದ್ಯೋಗಕ್ಕೆ ವಾಸಸ್ಥಳದ ಷರತ್ತು ಹಾಕುವ ಅಧಿಕಾರ ೧೬ನೆಯ ವಿಧಿಯ ಮೂರನೆಯ ಉಪವಿಧಿಯ ಪ್ರಕಾರ ಸಂಸತ್ತಿಗೆ ಮಾತ್ರ. ಅಂಥ ಹಳೆಯ ಷರತ್ತುಗಳನ್ನು ಸಂಸತ್ತು ೧೯೫೭ರ ಶಾಸನದಿಂದ, ಕೆಲವು ಪ್ರದೇಶಗಳನ್ನು ಬಿಟ್ಟು, ತೆಗೆದುಹಾಕಿತು. ೧೮೮೧ರ ಷರತ್ತಿನ ಕೆಳಗೆ ಮೈಸೂರಿಗೆ ಇದ್ದ ಅಲ್ಪ ಸ್ವಾತಂತ್ರ್ಯವೂ ರಾಜ್ಯ ಸರ್ಕಾರಕ್ಕೆ ಉಳಿಯಲಿಲ್ಲ. ರಾಷ್ಟ್ರದ ಏಕತೆಯ ದೃಷ್ಟಿಯಿಂದ ಇದು ಯುಕ್ತವೇ. ಕ್ವಿಬೆಕ್ಕಿಗೆ ಇರುವಂಥ ಅಧಿಕಾರ ನಮ್ಮ ರಾಜ್ಯಗಳಿಗಿದ್ದಿದ್ದರೆ ಹೊಸೂರಿನ ಹುಡುಗನಿಗೆ ಸೆಂಟ್ರಲ್ ಕಾಲೇಜು ದೊರೆಯುತ್ತಿತ್ತೆಂದು ಹೇಳುವುದು ಕಷ್ಟ.

ಅಧಿಕಾರ ಹೋದರೂ ಅಗತ್ಯ ಹೋಗಲಿಲ್ಲ. ಸಾರ್ವಜನಿಕ ಉದ್ಯಮಗಳು ಬೆಳೆದಂತೆ ಸ್ಥಳೀಯರಿಗೆ ಕೆಲಸವೆಲ್ಲಿ ಎಂಬ ಪ್ರಶ್ನೆ ಮತ್ತೆ ಎದ್ದಿತು. ಗೋಕಾಕ್ ವರದಿಯ ಚಳವಳಿಯ ಬೆನ್ನಿಗೆ, ೧೯೮೩ರಲ್ಲಿ, ಡಾ. ಸರೋಜಿನಿ ಮಹಿಷಿಯವರ ಸಮಿತಿ ನೇಮಕವಾಯಿತು. ೧೯೮೬ರಲ್ಲಿ ಸಲ್ಲಿಸಿದ ಅಂತಿಮ ವರದಿಯಲ್ಲಿ ೫೮ ಶಿಫಾರಸುಗಳಿದ್ದವು. ನಮ್ಮ ದೃಷ್ಟಿಯಿಂದ ಅವುಗಳಿಗಿಂತ ಮುಖ್ಯವಾದದ್ದು ಅದು ಕನ್ನಡಿಗನಿಗೆ ಕೊಟ್ಟ ಲಕ್ಷಣ: ೧೫ ವರ್ಷಗಳ ವಾಸ ಮತ್ತು ಕನ್ನಡದ ಜ್ಞಾನ. ಜನ್ಮವಲ್ಲ, ಮನೆಮಾತಲ್ಲ, ಕಾಲ ಮತ್ತು ಕಲಿಕೆ. ಈ ಲಕ್ಷಣವು ಪೂರ್ಣ ಹೊಸದೇನೂ ಅಲ್ಲ. ಬೀದರ್, ಕಲಬುರ್ಗಿ, ರಾಯಚೂರು ಜಿಲ್ಲೆಗಳು ಸೇರಿದ್ದ ಹೈದರಾಬಾದ್ ಸಂಸ್ಥಾನದ ಮುಲ್ಕಿ ನಿಯಮಗಳಲ್ಲಿಯೂ ಹೊರಗಿನವನು ಮುಲ್ಕಿಯೆನಿಸಿಕೊಳ್ಳಲು ೧೫ ವರ್ಷಗಳ ವಾಸವೇ ಬೇಕಾಗಿತ್ತು, ಜೊತೆಗೆ ತಾಯ್ನಾಡಿಗೆ ಮರಳುವ ವಿಚಾರವನ್ನು ಬಿಟ್ಟಿರುವೆನೆಂಬ ಪ್ರಮಾಣಪತ್ರ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲು ಸಂಖ್ಯೆಯ ಸಾಮ್ಯವೊಂದೇ ಸಾಕಾಗದು. ಆದರೆ ಹೈದರಾಬಾದು ಕೇಳಿದ್ದು ಹಿಂದಿನ ನಾಡನ್ನು ಬಿಟ್ಟುಕೊಡುವ ಪ್ರತಿಜ್ಞೆ, ಮಹಿಷಿ ಸಮಿತಿ ಕೇಳಿದ್ದು ಮುಂದಿನ ನಾಡಿನ ಭಾಷೆ. ಎರಡನೆಯದು ಹೆಚ್ಚು ಉದಾರವೆಂದೇ ನಮಗೆ ತೋರುತ್ತದೆ.

ಖಾಸಗಿ ಉದ್ಯಮಗಳಿಗೂ ಇದನ್ನು ವಿಸ್ತರಿಸುವ ಮಸೂದೆಗೆ ೨೦೨೪ರ ಜುಲೈ ೧೫ರಂದು ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆಡಳಿತ ವರ್ಗದ ಹುದ್ದೆಗಳಲ್ಲಿ ಶೇಕಡ ೫೦, ಉಳಿದವುಗಳಲ್ಲಿ ಶೇಕಡ ೭೦ ಸ್ಥಳೀಯರಿಗೆ ಎಂಬುದು ಅದರ ಸಾರ. ಸ್ಥಳೀಯನ ಲಕ್ಷಣದಲ್ಲಿ ೧೫ ವರ್ಷಗಳ ವಾಸ ಮತ್ತು ಕನ್ನಡದ ಜೊತೆಗೆ ರಾಜ್ಯದಲ್ಲಿ ಜನನವೂ ಸೇರಿಕೊಂಡಿತು. ಉದ್ಯಮಿಗಳ ಆಕ್ಷೇಪದ ನಡುವೆ ಎರಡೇ ದಿನಗಳಲ್ಲಿ ಮಸೂದೆಯನ್ನು ತಡೆಹಿಡಿಯಲಾಯಿತು. ಹರಿಯಾಣದ ಇಂಥದೇ ಶಾಸನವನ್ನು ಅಲ್ಲಿನ ಉಚ್ಚ ನ್ಯಾಯಾಲಯ ೨೦೨೩ರ ನವೆಂಬರಿನಲ್ಲಿಯೇ ಅಸಿಂಧುಗೊಳಿಸಿದ್ದಿತು. ಮಸೂದೆಯ ಸುತ್ತ ನಡೆದ ಗದ್ದಲದಲ್ಲಿ ಶೇಕಡಾವಾರು ಸಂಖ್ಯೆಗಳನ್ನೇ ಎಲ್ಲರೂ ಚರ್ಚಿಸಿದರು. ಜನನದ ಷರತ್ತು ಸೇರಿದ್ದನ್ನು ಹೆಚ್ಚು ಮಂದಿ ಗಮನಿಸಿದಂತೆ ಕಾಣಲಿಲ್ಲ. ೧೯೮೬ರ ಲಕ್ಷಣದ ಪ್ರಕಾರ ಹೊರಗಿನವನು ಕನ್ನಡಿಗನಾಗಬಹುದಾಗಿತ್ತು. ೨೦೨೪ರ ಲಕ್ಷಣದ ಪ್ರಕಾರ ಅವನ ಮಗ ಮಾತ್ರ ಆಗಬಲ್ಲ. ಚರಿತ್ರೆಯ ದೃಷ್ಟಿಯಿಂದ ಇದು ಸಣ್ಣ ವ್ಯತ್ಯಾಸವಲ್ಲ.

ಉದ್ಯೋಗದಲ್ಲಿ ನೆರವೇರದ್ದು ಬೇರೆ ಎರಡು ಕ್ಷೇತ್ರಗಳಲ್ಲಿ ಸದ್ದಿಲ್ಲದೆ ನೆರವೇರಿದೆ. ವೃತ್ತಿಶಿಕ್ಷಣದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ರಾಜ್ಯದ ವಿದ್ಯಾರ್ಥಿಯೆನಿಸಿಕೊಳ್ಳುವ ಮುಖ್ಯ ದಾರಿ ಇಲ್ಲಿ ಏಳು ವರ್ಷ ಓದಿರುವುದು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ನಿವೇಶನಕ್ಕೆ ಅರ್ಜಿ ಹಾಕಲು ರಾಜ್ಯದಲ್ಲಿ ಹತ್ತು ವರ್ಷ ವಾಸವಿರಬೇಕೆಂಬುದು ಹಂಚಿಕೆಯ ಷರತ್ತು. ೧೯೭೬ರಲ್ಲಿ ಈ ಪ್ರಾಧಿಕಾರ ಹಳೆಯ ಟ್ರಸ್ಟ್ ಬೋರ್ಡಿನ ಸ್ಥಾನಕ್ಕೆ ಬಂದ ಮೇಲೆ ಪಶ್ಚಿಮ ಬೆಂಗಳೂರಿನ ಬೆಳವಣಿಗೆಯ ಬಹುಭಾಗ ಅದರ ಮೂಲಕವೇ ನಡೆಯಿತು. ಕೆಂಗೇರಿಯ ಆಸುಪಾಸಿನ ಸರ್ ಎಂ. ವಿಶ್ವೇಶ್ವರಯ್ಯ ಬಡಾವಣೆ, ಮಾಗಡಿ ರಸ್ತೆ ಮೈಸೂರು ರಸ್ತೆಗಳ ನಡುವಣ ನಾಡಪ್ರಭು ಕೆಂಪೇಗೌಡ ಬಡಾವಣೆ ಇವು ಇತ್ತೀಚಿನ ಉದಾಹರಣೆಗಳು. ಹೀಗೆ ಏಳು, ಹತ್ತು, ಹದಿನೈದು ಎಂಬ ಮೂರು ಸಂಖ್ಯೆಗಳು: ಏಳರಲ್ಲಿ ಮಗುವಿಗೆ ಕಾಲೇಜು, ಹತ್ತರಲ್ಲಿ ತಂದೆಗೆ ನಿವೇಶನ, ಹದಿನೈದರಲ್ಲಿ, ಆಗುವುದಾದರೆ, ಉದ್ಯೋಗದ ಹಕ್ಕು. ವೀಸಾ ಕೊಡಲಾರದ ಪ್ರದೇಶವೊಂದು ಯಾರೂ ಕೂತು ಯೋಜಿಸದೆಯೇ ಕಟ್ಟಿಕೊಂಡ ಮೆಟ್ಟಿಲುಗಳಿವು.

ಮೆಟ್ಟಿಲುಗಳಿಂದ ಎಲ್ಲರಿಗೂ ರಕ್ಷಣೆ ದೊರೆಯಿತೆನ್ನಲಾಗದು. ೧೯೯೧ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಪ್ರಕಟವಾದ ಮೇಲೆ ನಡೆದ ಗಲಭೆಯಲ್ಲಿ, ಮೂರು ತಲೆಮಾರು ಇಲ್ಲಿಯೇ ದುಡಿದ ತಮಿಳು ಮನೆತನಗಳೂ ಮನೆ ಬಿಟ್ಟು ಓಡಬೇಕಾಯಿತು. ಹದಿನೈದು ವರ್ಷಗಳ ಲೆಕ್ಕ ಕೇಳಲು ಆ ದಿನಗಳಲ್ಲಿ ಯಾರೂ ನಿಲ್ಲಲಿಲ್ಲ. ಇತ್ತ ಬಾಡಿಗೆಯ ಮನೆಯಲ್ಲಿರುವ ಕುಶಲನಿಗೆ ವಾಸವನ್ನು ರುಜುವಾತುಪಡಿಸುವುದೇ ಕಷ್ಟ. ವರ್ಷಗಳನ್ನು ಎಣಿಸುವ ಕಾನೂನು ಕಾಗದಗಳನ್ನು ಎಣಿಸುತ್ತದೆ. ಕೆಲಸದ ಜಾಗ ಬದಲಾದಂತೆ ಬೀದಿ ಬದಲಿಸಿದವನ ಬಳಿ ಕಾಗದಗಳು ಕೂಡುವುದಿಲ್ಲ.

ವಿದೇಶೀ ಪದವೀಧರರ ವಿಷಯ ಇನ್ನೂ ಸಂಕ್ಷಿಪ್ತ. ೧೯೬೪ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯ ಕೆಂಗೇರಿಯ ದಾರಿಯಲ್ಲಿ ಜ್ಞಾನಭಾರತಿಯ ಆವರಣವನ್ನು ಕಟ್ಟಿಕೊಂಡಿತು. ಪಶ್ಚಿಮ ಏಷ್ಯದಿಂದಲೂ ಆಫ್ರಿಕದಿಂದಲೂ ವಿದ್ಯಾರ್ಥಿಗಳು ನಗರಕ್ಕೆ ಬಂದರು. ಅವರ ಪ್ರವೇಶ, ವಾಸ, ನಿರ್ಗಮನ ಎಲ್ಲವೂ ಕೇಂದ್ರದ ನಿಯಮಗಳಿಗೆ ಒಳಪಟ್ಟದ್ದು. ಇಲ್ಲಿ ಓದಿದವನನ್ನು ಇಲ್ಲಿಯೇ ಉಳಿಸಿಕೊಳ್ಳಲು ರಾಜ್ಯವು ನಾಮನಿರ್ದೇಶನ ಮಾಡುವ ಮಾರ್ಗವಿಲ್ಲ. ಆ ಮೂರು ಮೆಟ್ಟಿಲುಗಳಾದರೂ ಭಾರತದ ನಾಗರಿಕನಿಗಾಗಿ ಆದವು. ಕ್ರುಂಬಿಗಲ್ಲನಂಥವನೊಬ್ಬ ಇಂದು ಬಂದರೆ ಅವನಿಗೆ ದೆಹಲಿಯ ಬಾಗಿಲು ಮಾತ್ರ, ಮೈಸೂರಿನದು ಇಲ್ಲ.

ಈ ಚರಿತ್ರೆಯ ಮುಖ್ಯ ಆಕರಗಳು ದಿವಾನರ ಭಾಷಣಗಳಲ್ಲಲ್ಲ, ನಿವೇಶನದ ಅರ್ಜಿಗಳಲ್ಲಿ ದೊರೆಯುವಂಥವು. ಅರ್ಜಿಗೆ ಹಚ್ಚುವ ಶಾಲೆಯ ವರ್ಗಾವಣೆ ಪತ್ರ, ಪಡಿತರ ಚೀಟಿ, ವಿದ್ಯುತ್ತಿನ ರಸೀದಿಗಳಲ್ಲಿ ಒಂದು ಸಂಸಾರವು ಯಾವ ವರ್ಷ ಯಾವ ಊರಿನಿಂದ ಬಂದು ಯಾವ ಬೀದಿಗಳಲ್ಲಿ ನೆಲೆ ಬದಲಿಸಿತೆಂಬುದು ಕ್ರಮವಾಗಿ ದಾಖಲಾಗಿರುತ್ತದೆ. ಬಡಾವಣೆಗಳು ತುಂಬಿದ ಮೇಲೆ ಇಂಥ ಕಡತಗಳನ್ನು ಕಾಯ್ದಿಡುವವರು ಕಡಿಮೆ. ರಾಜಾಜಿನಗರದ ಮೊದಲ ಹಂಚಿಕೆಗಳ ಕಾಲದವರಲ್ಲಿ ಇಂದು ಬದುಕಿರುವವರು ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರ ಮನೆಯ ಪೆಟ್ಟಿಗೆಗಳಲ್ಲಿ ಉಳಿದಿರಬಹುದಾದ ಹಂಚಿಕೆ ಪತ್ರಗಳನ್ನು ವಿದ್ಯಾರ್ಥಿಗಳ ಮೂಲಕ ನಕಲು ಮಾಡಿಸಿ ಕ್ರಮಪಡಿಸುವುದು ಈ ಅಧ್ಯಯನದಲ್ಲಿ ಮೊದಲು ಕೈಗೊಳ್ಳತಕ್ಕ ಕೆಲಸ.